ಅಕ್ಕನ ಕಾರಿಗೆ ರಸ್ತೆ ತೆರಿಗೆ

ಅಕ್ಕ ಮಲೇಷ್ಯಾದಿಂದ ವಾಪಸು ಬಂದಾಗ ಎರಡು ಸೂಟ್‌ಕೇಸ್ ತಂದಳು, ಗಂಡನನ್ನು ತರಲಿಲ್ಲ. ಕಾರು ಹಿಂದಿನಿಂದ ಹಡಗಿನಲ್ಲಿ ಬಂತು. ಸೂಟ್‌ಕೇಸುಗಳನ್ನು ಅವ್ವ ಒಳಗಿಟ್ಟಳು. ಗಂಡನ ವಿಷಯವನ್ನು ಯಾರೂ ಎತ್ತಲಿಲ್ಲ. ಹೀಗಾಗಿ ಮುಂಬಯಿಯ ವಿಕ್ರೋಳಿಯ ನಮ್ಮ ಮನೆಯಲ್ಲಿ ಮಾತಾಡಲು ಉಳಿದದ್ದು ಕಾರೊಂದೇ.

ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ಅವಳು ಕೊಂಡ ಸಣ್ಣ ಕಾರು ಅದು. ಮದುವೆ ಮುರಿದ ಮೇಲೆ ಇದು ನನ್ನದು ಎನ್ನಲು ಅವಳಿಗೆ ಬೇರೇನೂ ಇರಲಿಲ್ಲ. ಗಲ್ಫ್ ಗಾಡಿಗಳ ಹಾಗೆ ಸ್ಟಿಯರಿಂಗ್ ಎಡಕ್ಕಿರುವ ತಕರಾರಿಲ್ಲ. ವರ್ಷಗಟ್ಟಲೆ ಹೊರಗಿದ್ದು ಬಂದವಳಾದ್ದರಿಂದ ಬಳಸಿದ ಗಾಡಿ ತರಲು ಅನುಮತಿಯೂ ಸಿಕ್ಕಿತು. ಕಸ್ಟಮ್ಸ್ ಸುಂಕಕ್ಕೆ ಅವಳ ಉಳಿತಾಯವೆಲ್ಲ ಖಾಲಿಯಾಯಿತು. ಆದರೂ ಕಾರು ರಸ್ತೆಗೆ ಇಳಿಯುವಂತಿರಲಿಲ್ಲ. ಟ್ರೈಲರ್ ಮೇಲೆ ಹೇರಿಕೊಂಡು ವಡಾಲದ ಆರ್‌ಟಿಓ ಕಚೇರಿಗೆ ತಂದು ನಿಲ್ಲಿಸಿದೆವು. ರಸ್ತೆ ತೆರಿಗೆ ಕಟ್ಟಿದರೆ ನಂಬರು. ಕಟ್ಟದಿದ್ದರೆ ಓಡಿಸುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಹಾಗೆ ಹೊರಗಿನಿಂದ ತಂದ ಗಾಡಿಯನ್ನು ಎರಡು ವರ್ಷ ಮಾರಬಾರದೆಂಬ ಕರಾರು ಬೇರೆ.

ತೆರಿಗೆ ಅಂದರೆ ಅಲ್ಲಿ ಕೊಂಡ ಬೆಲೆಯ ಮೇಲೆ ಎಂದೇ ನಾವೆಲ್ಲ ತಿಳಿದಿದ್ದೆವು. ಹಾಗಲ್ಲವಂತೆ. ಬೆಲೆಗೆ ಸುಂಕವನ್ನೂ ಕೂಡಿಸಬೇಕು, ಅದರ ಮೇಲೆ ಹೊರದೇಶದ ಗಾಡಿ ಅಂತ ಇಲ್ಲಿಯದಕ್ಕಿಂತ ಇಮ್ಮಡಿ ದರ. ಮೂಗಿಗಿಂತ ಮೂಗುತಿ ಭಾರ. ವಿಜಯಪುರದಿಂದ ಕಾಕಾ ಫೋನ್ ಮಾಡಿ, "ನಮ್ಮೂರಾಗ ಪಾಸಿಂಗ್ ಮಾಡಸ್ರಿ, ಕೆಎ ನಂಬರ್ ಬರ್ತದ" ಅಂದ. ಮುಂಬಯಿಯಲ್ಲೇ ಓಡಿಸುವುದಾದರೆ ಇಲ್ಲಿ ಮತ್ತೊಮ್ಮೆ ಕಟ್ಟಬೇಕು ಎಂದು ನಾವು ಹಿಡಿದಿದ್ದ ಆರ್‌ಟಿಓ ಏಜೆಂಟ್ ಹೇಳಿದ ಮೇಲೆ ಆ ಮಾತೂ ನಿಂತಿತು. ಅಷ್ಟು ದುಡ್ಡು ಇದ್ದದ್ದು ಅಪ್ಪನ ಹತ್ತಿರ ಮಾತ್ರ.

ಅಪ್ಪನದು ಗ್ರಾಂಟ್ ರೋಡಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯುಂಟು: ದುಡ್ಡು ಯಾರದೇ ಇರಲಿ, ಗಾಡಿ ಮನೆಯ ಹಿರಿಯನ ಹೆಸರಿಗೆ. ಅಂಗಡಿಯ ಟೆಂಪೋ ಅಪ್ಪನ ಹೆಸರಿನಲ್ಲಿದೆ. ಕಿರಿಯವಳಾದ ನಾನು ನನ್ನ ಸಂಬಳದಿಂದ ಕೊಂಡ ಸ್ಕೂಟರೂ ಅಪ್ಪನ ಹೆಸರಿನಲ್ಲೇ ಇದೆ. ಜಗಳ ಕಾದು ಸೋತವಳು ನಾನು. ಅದೇ ಪದ್ಧತಿಯಂತೆ ಅಪ್ಪ ಯಾರನ್ನೂ ಕೇಳದೆ ಅಕ್ಕನ ಕಾರಿನ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿದ್ದ. ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಆರ್‌ಟಿಓಗೆ ಬಂದಿದ್ದ.

ಕಿಟಕಿಯಲ್ಲಿ ಕೂತಿದ್ದ ಹೆಣ್ಣುಮಗಳು ಕಾಗದಗಳನ್ನು ತಿರುವಿ ನೋಡಿ ಹಿಂದಕ್ಕೆ ತಳ್ಳಿದಳು. ವಿಮೆಯಲ್ಲಿ ಒಂದು ಹೆಸರು, ಕಸ್ಟಮ್ಸ್ ಕಾಗದದಲ್ಲಿ ಇನ್ನೊಂದು.

"ಕಾಕಾ, ಕಸ್ಟಮ್ಸ್ ಕಾ ಕಾಗಜ್ ಜಿಸ್ ಕೇ ನಾಮ್ ಪೇ, ಗಾಡಿ ಉಸೀ ಕೇ ನಾಮ್ ಪೇ," ಎಂದು ಏಜೆಂಟ್ ಅಪ್ಪನಿಗೆ ಸಮಾಧಾನದಿಂದಲೇ ಹೇಳಿದ. "ಬಾಪ್ ಕಾ ನಾಮ್ ಭೀ ನಹೀಂ ಚಲೇಗಾ." ಕಸ್ಟಮ್ಸ್ ಕಾಗದ ಯಾರ ಹೆಸರಿಗೋ ಗಾಡಿಯೂ ಅವರ ಹೆಸರಿಗೇ, ಅಪ್ಪನ ಹೆಸರೂ ನಡೆಯದಂತೆ.

ಅಪ್ಪ ನಮ್ಮ ಕಡೆ ತಿರುಗಿದ. "ತೆರಿಗಿ ತುಂಬಾಂವ ನಾ. ಹೆಸರು ಅಕಿದು ಹೆಂಗಾಗ್ತದ?"

ಏಜೆಂಟ್ ಫೋನಿನಲ್ಲೇ ಅಕ್ಕನ ಹೆಸರಿಗೆ ಹೊಸ ವಿಮೆ ಮಾಡಿಸಿ, ಪಕ್ಕದ ಸೈಬರ್ ಅಂಗಡಿಗೆ ನಮ್ಮನ್ನು ಕರೆದೊಯ್ದು, ಕಂಪ್ಯೂಟರಿನಲ್ಲಿ ತೆರಿಗೆ ಕಟ್ಟುವ ಪುಟ ತೆರೆದ. ಖಾತೆ ಅಪ್ಪನದು, ಫೋನೂ ಅಪ್ಪನದು. ಓಟಿಪಿ ಬಂದ ಸದ್ದು ಎಲ್ಲರಿಗೂ ಕೇಳಿಸಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಮೊದಲು ಕಂಪ್ಯೂಟರ್ ನೋಡಿದ. ಮಾಲೀಕರ ಜಾಗದಲ್ಲಿ ಅಕ್ಕನ ಹೆಸರಿತ್ತು. ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದು ಹೊರಗೆ ನಡೆದೇಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಇವತ್ತು ಮನೆಗೆ ಹೋದನೆಂದರೆ ಮತ್ತೆ ಬರುವವನಲ್ಲ. ಬೆನ್ನು ಹತ್ತಿದೆ. ಸ್ಟೇಷನ್ನಿನ ದಾರಿಯಲ್ಲಿ ಚಹಾದ ಗಾಡಿಯ ಹತ್ತಿರ ನಿಂತಿದ್ದ. ಚಹಾ ಹೇಳಿರಲಿಲ್ಲ.

"ಅಕಿ ದುಡದು ತಂದ ಗಾಡಿ," ಅಂದೆ. "ಹೆಸರಿನ ಸಲುವಾಗಿ ಎಷ್ಟು ಹಟ ಮಾಡ್ತಿ ಅಪ್ಪಾ?"

"ಹೆಸರಿನ ಹಟ ಅಲ್ಲ," ಅಂದ ಅಪ್ಪ. "ನನ್ನ ಹೆಸರಿಲೆ ಇದ್ರ ಗಾಡಿ ನಮ್ಮ ಬಿಲ್ಡಿಂಗಿನ್ಯಾಗ ನಿಂದರ್ತದ. ಅಕಿ ಹೆಸರಿಲೆ ಆದ್ರ ಅಕೀನ ನಿಂದರೂದಿಲ್ಲ. ಒಮ್ಮಿ ಹೋದಾಕಿ ಎಷ್ಟು ವರ್ಷ ಮಾರಿ ತೋರಸಲಿಲ್ಲ, ನಿನಗ ಗೊತ್ತದ."

ಇಷ್ಟಕ್ಕೇ ಇಷ್ಟೆಲ್ಲ ರಾದ್ಧಾಂತವೇ ಅನ್ನಿಸಿ ನನ್ನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. "ಎಲ್ಲಿ ಹೋಗ್ತಾಳ ಅಪ್ಪಾ? ವಿಕ್ರೋಳಿ ಬಿಟ್ಟು ಎಲ್ಲೀನೂ ಹೋಗೂದಿಲ್ಲ. ನಾ ಹೇಳ್ತೀನಿ, ನಡಿ." ಅಕ್ಕನನ್ನು ಒಂದು ಮಾತು ಕೇಳದೆಯೇ ಅಷ್ಟು ಖಾತ್ರಿಯಿಂದ ಹೇಳಿದೆ.

ಅಪ್ಪ ನಂಬಿದನೋ ಇಲ್ಲವೋ, ನನ್ನ ಹಿಂದೆ ಬಂದ. ಮೊದಲ ಓಟಿಪಿಯ ಅವಧಿ ಮುಗಿದಿತ್ತು, ಏಜೆಂಟ್ ಇನ್ನೊಂದು ತರಿಸಿದ. ಅಪ್ಪ ಅಂಕಿಗಳನ್ನು ಒಂದೊಂದಾಗಿ ಓದಿದ. ನಡುವೆ ನಿಲ್ಲಿಸಿ ಅಕ್ಕನನ್ನು ನೋಡಿದ. ಉಳಿದವನ್ನೂ ಓದಿದ. ಪ್ರಿಂಟರಿನಿಂದ ಅಕ್ಕನ ಹೆಸರಿನ ರಸೀದಿ ಹೊರಬಂತು.

ರಸೀದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಕ್ಕ ಬಾಯಿಬಿಟ್ಟಳು. "ಅಪ್ಪಾ, ಈಗ ಹೇಳಲಿಲ್ಲಂದ್ರ ಮೋಸ ಆಗ್ತದ. ಪುಣೇದಾಗ ನೌಕರಿ ಸಿಕ್ಕದ. ನಂಬರ್ ಬಂದ ಮ್ಯಾಲೆ ಹೋಗ್ತೀನಿ. ಅಲ್ಲೇ ಇರ್ತೀನಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಕ್ಕನ ಮೇಲೆ ಸಿಟ್ಟು ಬಂತು, ಅವಳು ನನಗೂ ಹೇಳಿರಲಿಲ್ಲ. ಅಪ್ಪ ಈಗ ರಸೀದಿಯನ್ನು ಕಸಿದು ಹರಿದು ಹಾಕುತ್ತಾನೆ ಅಂದುಕೊಂಡೆ.

ಅಪ್ಪ ಏಜೆಂಟನ ಕಡೆ ತಿರುಗಿ, ಪುಣೆಯಲ್ಲಿ ಮತ್ತೆ ತೆರಿಗೆ ಕಟ್ಟಬೇಕೇ ಎಂದು ಹಿಂದಿಯಲ್ಲಿ ಕೇಳಿದ. ಬೇಡ, ರಾಜ್ಯ ಒಂದೇ ಎಂದು ಅವನು ಹೇಳಿದ. ಅಪ್ಪ ತಲೆಯಾಡಿಸಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ.

"ಪುಣೇ ಹಾದ್ಯಾಗ, ಖಂಡಾಲಾ ಘಾಟಿನ್ಯಾಗ, ಸಾವಕಾಶ ಹೊಡಿ," ಅಂದ.