ನೀಲಿ ಬೋಗುಣಿಯನ್ನು ತಿರುಗಿ ಕೊಟ್ಟದ್ದು

ಮಕ್ಕಳೇ, ಇದನ್ನು ನೀವು ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಕನ್ನಡ ನಿಮ್ಮ ಕಿವಿಯವರೆಗೆ ಬಂದಿದೆ, ಕಣ್ಣಿಗೂ ಬಾಯಿಗೂ ಇನ್ನೂ ತಲುಪಿಲ್ಲ. ಆದರೆ ನಿಮ್ಮನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ನಾನು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತೇನೆ. ಎದುರಿಗೆ ಯಾರಾದರೂ ಬಂದರೆ ಅದೂ ಮರೆಯುತ್ತದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಗನ ಮನೆಗೆ, ಅಮೆರಿಕದ ಮಾರ್ಗನ್ ಹಿಲ್‌ಗೆ ಬಂದೆ. ನಮ್ಮ ಮನೆಸಾಲಿನ ಬಾಯಲ್ಲಿ ದೊಡ್ಡ ಕಲ್ಲಿನ ಮೇಲೆ 'ವಿಲೇಜ್' ಎಂದು ಕೆತ್ತಿದ್ದಾರೆ. ಹಳ್ಳಿಯಂತೆ! ಎಮ್ಮೆ ಇಲ್ಲ, ಜಗಳ ಇಲ್ಲ, ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ವಿಚಾರಿಸುವ ಮುದುಕರಿಲ್ಲ. ಬೆಳಿಗ್ಗೆ ಜನ ಚೀಲ ಹಿಡಿದು ನಾಯಿಯ ಹಿಂದೆ ನಡೆದು, ಅದು ಹಾಕಿದ್ದನ್ನು ಎತ್ತಿಕೊಂಡು ಬರುತ್ತಾರೆ. ನಾವೂ ಸಗಣಿ ಎತ್ತುತ್ತಿದ್ದೆವು, ಆದರೆ ಕುಳ್ಳು ತಟ್ಟುತ್ತಿದ್ದೆವು. ಇವರು ಏನು ಮಾಡುತ್ತಾರೋ ದೇವರೇ ಬಲ್ಲ.

ಈ ಹಳ್ಳಿಯಲ್ಲಿ ನನಗೆ ಕೈ ಬೀಸುತ್ತಿದ್ದವಳು ಒಬ್ಬಳೇ, ಐದು ಮನೆ ಆಚೆಯ ಬಿಳಿಕೂದಲಿನ ಅಮೆರಿಕನ್ ಮುದುಕಿ. ಅವಳೂ ನನ್ನಂತೆ ಒಂಟಿ. ಎರಡು ತಿಂಗಳ ಹಿಂದೆ ತನ್ನ ಗಿಡದ ನಿಂಬೆಹಣ್ಣುಗಳನ್ನು ಒಂದು ನೀಲಿ ಬೋಗುಣಿಯಲ್ಲಿ ತುಂಬಿ ತಂದುಕೊಟ್ಟಳು. ಹಣ್ಣು ಉಪ್ಪಿನಕಾಯಿಯಾಯಿತು. ಬೋಗುಣಿ ಫ್ರಿಜ್ಜಿನ ಮೇಲೆ ಕೂತು ನನ್ನನ್ನು ನೋಡುತ್ತಿತ್ತು.

"ಅಜ್ಜಿ, ದಟ್ ಲೇಡಿ ನಾಳೆ ಮೂವ್ ಆಗ್ತಾಳೆ," ಎಂದು ಮೊಮ್ಮಗಳೇ, ನೀನು ಒಂದು ಸಂಜೆ ಹೇಳಿದೆ. ಮನೆ ಬಿಟ್ಟು ಹೋಗುತ್ತಾಳಂತೆ! ಎದ್ದು ಫ್ರಿಜ್ಜಿನ ಮೇಲಿನ ಬೋಗುಣಿ ಇಳಿಸಿದೆ.

ನಿಮ್ಮ ಅಮ್ಮ ಬೆಂಗಳೂರಿನವಳು, ಪರಿಹಾರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಬೌಲ್ ಅವರ ಬಾಗಿಲ ಮುಂದೆ ಇಟ್ಟು ಬಂದ್ರೆ ಆಯ್ತು ಅತ್ತೆ. ಒಂದು ಥ್ಯಾಂಕ್ಯೂ ಕಾರ್ಡು ಹಾಕಿಬಿಡೋಣ."

"ಖಾಲಿ ಬೋಗುಣಿನ?"

"ಮನೇಲಿ ಮಾಡಿದ್ದು ಇಲ್ಲಿ ಯಾರಿಗೂ ಕೊಡಬಾರದು. ಅಲರ್ಜಿ ಇರುತ್ತೆ. ಶೇಂಗಾ ಆಗಲ್ಲ, ಗೋಧಿ ಆಗಲ್ಲ, ಹಾಲು, ತುಪ್ಪ..."

ಹೀಗೇ ಒಂದೊಂದಾಗಿ ತೆಗೆಯುತ್ತ ಹೋದಳು. ಕಡೆಗೆ ಉಳಿದದ್ದು ನೀರು.

"ಅವ್ವಾ, ಇಲ್ಲಿ ಯಾರೂ ಹಂಗೆಲ್ಲ ನೋಡಂಗಿಲ್ಲ ಬಿಡು," ಎಂದ ನಿಮ್ಮ ಅಪ್ಪ, ಫೋನಿನಿಂದ ತಲೆ ಎತ್ತದೆ.

ಯಾರೂ ನೋಡುವುದಿಲ್ಲ, ನಿಜ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡು, ಪಕ್ಕದ ಮನೆಯವರ ಗಿಂಡಿಯನ್ನು ತೊಳೆದು ಖಾಲಿಯಾಗಿ ಕೊಟ್ಟು ಬಂದಿದ್ದೆ. ನನ್ನ ಅತ್ತೆ ಒಂದು ಮುಷ್ಟಿ ಸಕ್ಕರೆ ಕಟ್ಟಿ ಕೈಗಿಟ್ಟು, ಆ ಉರಿಬಿಸಿಲಲ್ಲಿ ನನ್ನನ್ನು ತಿರುಗಿ ಕಳಿಸಿದರು. "ಖಾಲಿ ಪಾತ್ರಿ ಕೊಟ್ರ ಹೋಗಿಬರೂ ಬಳಕಿ ಮುಗೀತು ಅಂದಂಗ. ಅವರೇನು ಸತ್ತಾರೇನ?" ಎಂದರು. ಆ ಬಿಸಿಲು ಇನ್ನೂ ನನ್ನ ನೆತ್ತಿಯ ಮೇಲಿದೆ.

ತೊಡಕು ಇನ್ನೊಂದಿತ್ತು. ಹಿಂದೊಮ್ಮೆ ನಾನು ರೊಟ್ಟಿ ಬೇಯಿಸುವಾಗ ಛಾವಣಿಯ ಹೊಗೆ ಅಲಾರಂ ಬೊಬ್ಬೆ ಹೊಡೆದು, ನಿಮ್ಮ ಅಪ್ಪ ಮೀಟಿಂಗು ಬಿಟ್ಟು ಓಡಿ ಬಂದಿದ್ದ. ಅಂದಿನಿಂದ ಒಬ್ಬಳೇ ಇದ್ದಾಗ ಒಲೆ ಹಚ್ಚುವಂತಿಲ್ಲ. ಐವತ್ತು ವರ್ಷ ಒಲೆಯ ಮುಂದೆ ಬದುಕಿದವಳಿಗೆ ಮೈಕ್ರೋವೇವಿನ ಗುಂಡಿಗಳನ್ನು ತೋರಿಸಿಕೊಟ್ಟರು, ಕೂಸಿಗೆ ಗಿಲಕಿ ಕೊಟ್ಟಂತೆ.

ಮರುದಿನ ನೀವೆಲ್ಲ ಹೋದ ಮೇಲೆ ಒಲೆ ಹಚ್ಚಿದೆ. ಶೇಂಗಾ ಹೋಳಿಗೆಯನ್ನೇ ಮಾಡಿದೆ. ಆ ಮುದುಕಿ ದಿನಾ ಬೆಂಚಿನ ಮೇಲೆ ಕೂತು ಬ್ರೆಡ್ಡಿಗೆ ಸವರಿಕೊಂಡು ತಿನ್ನುವುದು ಶೇಂಗಾ ಬೆಣ್ಣೆ ಎಂದು ಹೇಳಿದವಳು ನೀನೇ, ಮೊಮ್ಮಗಳೇ. ಗೋಧಿಯೂ ಶೇಂಗಾವೂ ಪರೀಕ್ಷೆಯಲ್ಲಿ ಪಾಸಾದವು ತಾನೆ?

ಶೇಂಗಾ ಹುರಿದು, ಸಿಪ್ಪೆ ಊದಿ, ಬೆಲ್ಲ ಸೇರಿಸಿ ಕುಟ್ಟಿದೆ. ಹೆಂಚು ಕಾದು ಹೊಗೆ ಎದ್ದಾಗ ಕಿಟಕಿಗಳನ್ನೆಲ್ಲ ತೆರೆದು, ಮೊಮ್ಮಗನೇ, ಗೋಡೆಗೆ ಅಂಟಿಸಿದ್ದ ನಿನ್ನ ಕರಾಟೆ ಸರ್ಟಿಫಿಕೇಟು ಕಿತ್ತು ಅಲಾರಮ್ಮಿಗೆ ಗಾಳಿ ಹಾಕಿದೆ. ಆ ಕಾಗದ ಈ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮೊದಲ ಹೋಳಿಗೆ ಹರಿಯಿತು. ಅದನ್ನು ಅಲ್ಲೇ ತಿಂದು ಸಾಕ್ಷ್ಯ ನಾಶ ಮಾಡಿದೆ. ಎಂಟು ಚೆನ್ನಾಗಿ ಬಂದವು. ನಾಲ್ಕನ್ನು ಬೋಗುಣಿಯಲ್ಲಿಟ್ಟು ಸೆರಗಿನಡಿ ಹಿಡಿದು ಹೊರಟೆ.

ಹೊಸ್ತಿಲು ದಾಟಿದ್ದೇ ತಡ, ಬಾಗಿಲು ನಿಮ್ಮ ಅಪ್ಪನ ದನಿಯಲ್ಲಿ ಮಾತಾಡಿತು.

"ಅವ್ವಾ, ಎಲ್ಲಿ ಹೊಂಟಿ?"

ಬಾಗಿಲಿಗೆ ಕ್ಯಾಮೆರಾ ಇದೆ, ಗೊತ್ತಲ್ಲ. ಅದರ ಮುಂದೆ ನಾನು ಯಾವಾಗಲೂ ಸೆರಗು ಹೊದ್ದೇ ನಿಲ್ಲುವುದು, ಮಾವನವರ ಎದುರು ನಿಂತಂತೆ.

"ವಾಕಿಂಗು."

"ಸೆರಗಿನಾಗ ಏನೈತಿ?"

"ಗಂಡಸರು ಕೇಳೋ ಮಾತೇನೋ ಅದು?"

ಬಾಗಿಲಿನ ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದೆ.

ದಾರಿಯಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಕಿವಿಯಲ್ಲಿ ಫೋನಿನ ಬಿಳಿ ಬೀಜ ಸಿಕ್ಕಿಸಿಕೊಂಡು ಗಾಳಿಯನ್ನು ಬೈಯುತ್ತ ಹೋದ. ಊರಲ್ಲಾಗಿದ್ದರೆ ಅವನಿಗೆ ತಾಯಿತ ಕಟ್ಟಿಸುತ್ತಿದ್ದರು. ನಾನು ತಲೆ ತಗ್ಗಿಸಿ, ಹೇಳಬೇಕಾದ ಇಂಗ್ಲಿಷನ್ನು ಜಪಿಸುತ್ತ ನಡೆದೆ. 'ಥ್ಯಾಂಕ್ಯೂ ಫಾರ್ ಲೆಮನ್. ಥ್ಯಾಂಕ್ಯೂ ಫಾರ್ ಲೆಮನ್.'

ಅವಳ ಮನೆಯ ಮುಂದೆ, ರಸ್ತೆಯ ಅಂಚಿಗೆ, ಒಂದು ರಟ್ಟಿನ ಡಬ್ಬಿ ಇತ್ತು. ಅದರಲ್ಲಿ ಇದೇ ನೀಲಿಯ, ಇದೇ ಅಂಚಿನ ಬೋಗುಣಿಗಳು, ಐದೋ ಆರೋ. ಮೇಲೆ ದೊಡ್ಡಕ್ಷರದಲ್ಲಿ 'ಫ್ರೀ' ಎಂದು ಬರೆದಿತ್ತು. ಆ ಪದವನ್ನು ಕೂಡಿಸಿ ಓದಬೇಕಾಗಿಲ್ಲ. ಗ್ರೋಸರಿ ಅಂಗಡಿಯಲ್ಲಿ ಅದು ಕಂಡಲ್ಲೆಲ್ಲ ನಿಮ್ಮ ಅಮ್ಮ ಓಡುತ್ತಾಳೆ.

ಎರಡು ತಿಂಗಳು ನನ್ನ ನಿದ್ದೆಗೆಡಿಸಿದ ಪಾತ್ರೆಯನ್ನು ಅವಳು ಬೀದಿಗೆ ಇಟ್ಟಿದ್ದಳು. ನನಗೆ ನನ್ನ ಮೇಲೇ ನಗು ಬಂತು. ಹಾಗೇ ತಿರುಗಿ ಹೋಗೋಣ ಎಂದುಕೊಂಡೆ. ಹೋದರೆ ಹೋಳಿಗೆ ಯಾರದು? ನೆತ್ತಿಯ ಮೇಲೆ ಆ ಬಿಸಿಲು ಕಾದಿತು. ಬಾಗಿಲು ತಟ್ಟಿದೆ.

ಅವಳು ತೆರೆದಳು. ನನ್ನ ಇಂಗ್ಲಿಷು ಅಲ್ಲೇ ಎಲ್ಲೋ ಬಿದ್ದುಹೋಯಿತು. ಸುಮ್ಮನೆ ಬೋಗುಣಿ ಚಾಚಿದೆ. ಅವಳು ಬೋಗುಣಿ ನೋಡಿದಳು, ರಸ್ತೆಯ ಡಬ್ಬಿ ನೋಡಿದಳು, "ಓ ನೋ, ಓ ಹನೀ," ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಹೋಳಿಗೆ ಮೂಸಿದಳು. ನಿಂತಲ್ಲೇ ಒಂದು ತಿಂದಳು, ಎರಡನೆಯದನ್ನೂ ತಿಂದಳು. ಸಾಯಲಿಲ್ಲ.

'ನೀನೇ ಮಾಡಿದೆಯಾ?' ಎಂದು ಕೈಸನ್ನೆಯಲ್ಲಿ ಕೇಳಿದಳು. ತಲೆಯಾಡಿಸಿದೆ. ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ತನ್ನ ಒಲೆ ತೋರಿಸಿದಳು. ತಿರುಗಿಸುವ ಗುಂಡಿಗಳೇ ಇರಲಿಲ್ಲ! "ಮೈ ಡಾಟರ್," ಎಂದು ಕಿತ್ತುಕೊಂಡು ಹೋದಂತೆ ಅಭಿನಯಿಸಿದಳು. ನಾನೂ "ಮೈ ಸನ್" ಎಂದು ಛಾವಣಿಗೆ ಬೆರಳು ತೋರಿಸಿ ಅಲಾರಮ್ಮಿನಂತೆ ಕೂಗಿದೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಹೊರಟದ್ದಕ್ಕೆ ನನಗೇ ನಾಚಿಕೆಯಾಯಿತು. ಅವಳು ಗೋಡೆ ಹಿಡಿದುಕೊಂಡು ನಕ್ಕಳು.

ಹೊರಡುವಾಗ ಅವಳು ಉಳಿದ ಎರಡು ಹೋಳಿಗೆಗಳನ್ನು ತಟ್ಟೆಗೆ ಹಾಕಿಕೊಂಡು, ಬೋಗುಣಿ ಹಿಡಿದು ಹಿತ್ತಲಿಗೆ ಹೋದಳು. ಗಿಡದಲ್ಲಿದ್ದ ನಿಂಬೆಹಣ್ಣುಗಳನ್ನೆಲ್ಲ ಹರಿದು ತುಂಬಿ ನನ್ನ ಕೈಗಿಟ್ಟಳು. ಅಮೆರಿಕದಲ್ಲಿ ಅವಳಿಗೆ ಆ ಪಾಠ ಯಾವ ಅತ್ತೆ ಕಲಿಸಿದಳೋ. ರಟ್ಟಿನ ಚೂರಿನ ಮೇಲೆ ಏನೋ ಬರೆದೂ ಕೊಟ್ಟಳು.

ಸಂಜೆ ನಿಮ್ಮ ಅಪ್ಪ ಬಂದವನೇ ಮೂಗು ಅರಳಿಸಿದ. "ಅವ್ವಾ, ಒಲಿ ಹಚ್ಚಿದ್ಯಾ? ಎಷ್ಟು ಸಲ ಹೇಳೀನಿ..." ಎನ್ನುತ್ತ ಉಳಿದ ನಾಲ್ಕು ಹೋಳಿಗೆಯಿದ್ದ ಡಬ್ಬಿ ತೆರೆದ. ಮುಂದಿನ ಬೈಗುಳವೆಲ್ಲ ಹೋಳಿಗೆ ತುಂಬಿದ ಬಾಯಲ್ಲೇ ಬಂತು, ಒಂದೂ ತಿಳಿಯಲಿಲ್ಲ.

"ಬೌಲ್ ಕೊಡಲಿಲ್ವಾ ಅತ್ತೆ? ಇಲ್ಲೇ ಇದೆಯಲ್ಲ," ಎಂದಳು ನಿಮ್ಮ ಅಮ್ಮ.

"ಕೊಟ್ಟೆ. ಮತ್ತ ಬಂತು."

ರಟ್ಟಿನ ಚೂರನ್ನು ಮೊಮ್ಮಗಳೇ, ನಿನಗೆ ಕೊಟ್ಟೆ. ನೀನು ಓದಿದೆ. ಅವಳು ಇನ್ನು ಇರಲಿರುವ ಮಗಳ ಮನೆಯ ವಿಳಾಸ, ಹೇವರ್ಡ್ ಎಂಬ ಊರಿನದು.

"ಅಷ್ಟು ದೂರನಾ? ಆ ಫ್ರೀವೇ ಟ್ರಾಫಿಕ್ಕಿನಾಗ?" ಎಂದ ನಿಮ್ಮ ಅಪ್ಪ, ಮೂರನೆಯ ಹೋಳಿಗೆಗೆ ಕೈ ಹಾಕುತ್ತ. "ಬೋಗುಣಿ ಪೋಸ್ಟಿನಾಗ ಕಳಿಸಿದ್ರ ಆತು ಬಿಡವ್ವ."

"ಖಾಲಿ ಬೋಗುಣಿನ?" ಎಂದೆ.

ಶನಿವಾರ ಕರೆದುಕೊಂಡು ಹೋಗುತ್ತಾನಂತೆ. ಶುಕ್ರವಾರ ನಾನು ಒಲೆ ಹಚ್ಚಬೇಕು. ಸರ್ಟಿಫಿಕೇಟನ್ನು ಇನ್ನೂ ಗೋಡೆಗೆ ಅಂಟಿಸಿಲ್ಲ.