ಉಪವಾಸದ ಸಂಶೋಧನೆ ಮತ್ತು ನನ್ನ ತಂಗಿಯ ಮಾತ್ರೆ

ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಒಂಬತ್ತು ದಾಟಿತ್ತು. ಸ್ಥಳ, ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ನನ್ನ ತಂಗಿಯ ಅಡುಗೆಮನೆ. ಇದ್ದವರು ನಾಲ್ವರು: ನಾನು, ತಂಗಿ, ಅವಳ ಸೊಸೆ ಮತ್ತು ತಂಗಿಯ ಮೈದುನ. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಅದು ಬೆವರುವ ಹವೆಯೇ ಅಲ್ಲ. ನಾನು ಸ್ವೆಟರ್ ಹಾಕಿಕೊಂಡು ಬಂದಿದ್ದೆ. ನನ್ನನ್ನು ನೋಡಿದವಳೇ, "ಅಪ್ಪಾರು ಬಂದ್ರಾ? ಎತ್ತಿಗೆ ನೀರು ತೋರಿಸಿದ್ರಾ?" ಎಂದು ಕೇಳಿದಳು. ನಮ್ಮ ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಎತ್ತುಗಳನ್ನು ಮಾರಿ ಅದಕ್ಕಿಂತ ಹೆಚ್ಚು ವರ್ಷಗಳಾಗಿವೆ.

"ನೀವೇನ್ ಗಾಬ್ರಿ ಆಗ್ಬ್ಯಾಡ್ರಿ ಭಾವಾರೆ," ಎಂದ ಮೈದುನ. ಅವನ ಕೈಯಲ್ಲಿ ಒಂದು ಲೋಟ ಹಾಗಲಕಾಯಿ ರಸವಿತ್ತು. "ಒಳಗಿನ ವಿಷ ಎಲ್ಲಾ ಹೊರಗ ಹೊಂಟತಿ. ಹಿಂಗ ಆಗ್ತತಿ ಅಂತ ಅದರಾಗೇ ಬರದಾರೆ."

"ಯಾವುದರಾಗೆ?"

"ಸಂಶೋಧನೆ ಒಳಗ್ರೀ."

ಈ ಒಂದು ಪದವನ್ನು ಕೇಳಿದರೆ ನನಗೆ ಮೈ ಉರಿಯುವಂತಾಗಿರುವುದು ಆವತ್ತಿನಿಂದ ಅಲ್ಲ. ನಮ್ಮ ಬೀಗರು ಬಿಜ್ಜರೆಲ್ಲ ಸೇರಿಕೊಂಡಿರುವ ಒಂದು ವಾಟ್ಸಾಪ್ ಗುಂಪಿದೆ. ಮೊದಲು ಅದರಲ್ಲಿ ಮದುವೆ, ಗೃಹಪ್ರವೇಶ, ಸಾವಿನ ಸುದ್ದಿ ಬರುತ್ತಿದ್ದವು. ಈಗ ಬೆಳಗಾದರೆ ಹೊಸ ಸಂಶೋಧನೆ. ಸೋಮವಾರ ಕಾಫಿ ಹೃದಯಕ್ಕೆ ಅಮೃತ, ಗುರುವಾರ ಅದೇ ಕಾಫಿ ವಿಷ. ತುಪ್ಪ ತಿನ್ನಿ, ತುಪ್ಪ ಬಿಡಿ. ತಾಮ್ರದ ಚೊಂಬಿನ ನೀರು ಕುಡಿದರೆ ಮಂಡಿನೋವು ಮಾಯ. ಯಾರು ಹುಡುಕಿದರು, ಎಲ್ಲಿ ಹುಡುಕಿದರು, ಯಾರ ಮೇಲೆ ಪರೀಕ್ಷಿಸಿ ನೋಡಿದರು, ಒಂದು ಸಾಲು ಇರುವುದಿಲ್ಲ. ಕೊನೆಯಲ್ಲಿ ಮಾತ್ರ "ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ" ಎಂದಿರುತ್ತದೆ. ಇವರು ನಿಜವಾಗಿ ಓದಿ ಕಳಿಸುತ್ತಾರೆಯೇ ಎಂದು ನೋಡಲು ನಾನೊಮ್ಮೆ "ಇದರ ಮೂಲ ಯಾವುದು?" ಎಂದು ಬರೆದಿದ್ದೆ. ಉತ್ತರವಾಗಿ ಮೂರು ಜನ ಕೈಮುಗಿದ ಚಿತ್ರ ಹಾಕಿದರು.

ಗುಂಪನ್ನು ನಡೆಸುವವನು ಇದೇ ಮೈದುನ. ಆನವಟ್ಟಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ನಾಲ್ಕು ಜನ ಮಾತು ಕೇಳುವ ಮನುಷ್ಯ. ನನ್ನ ತಂಗಿಯ ಗಂಡ ಹೋದ ಮೇಲೆ ಆ ಮನೆಗೆ ಒತ್ತಾಸೆಯಾಗಿ ನಿಂತವನು. ಅದಕ್ಕೇ ಅವನ ಮಾತಿಗೆ ಅಲ್ಲಿ ಎದುರಿಲ್ಲ. ಹಿಂದಿನ ಗುರುವಾರ ಅವನು ಹಾಕಿದ ಸಂಶೋಧನೆ ಇದು: ಹಗಲೆಲ್ಲ ಹೊಟ್ಟೆ ಖಾಲಿ ಬಿಟ್ಟು ಸಂಜೆ ಮಾತ್ರ ಉಂಡರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ, ಇದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು, ಈಗ ವಿದೇಶದವರು ಒಪ್ಪಿಕೊಂಡಿದ್ದಾರೆ. ತಂಗಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಅವಳು ಶುಕ್ರವಾರದಿಂದಲೇ ಶುರು ಮಾಡಿದಳು.

ಭಾನುವಾರ ರಾತ್ರಿ ಊಟದ ಹೊತ್ತಿಗೆ ಗುಂಪಿನಲ್ಲಿ ಅವಳದೊಂದು ಸಾಲು ಕಂಡಿತು: "ಕೈ ನಡುಗ್ತತಿ, ಏನ್ ಮಾಡ್ಲಿ?" ಅದರ ಕೆಳಗೇ ಮೈದುನನ ಉತ್ತರ: "ಒಳ್ಳೆ ಲಕ್ಷಣ. ಬಿಡಬ್ಯಾಡ್ರಿ ಅತ್ತಿಗಿ." ನಾನು ಕೂಡಲೇ ಫೋನ್ ಮಾಡಿದೆ.

"ಉಣ್ಣದೇ ಇದ್ದರೆ ಮಾತ್ರೆ ತಗೊಬೇಡ. ಮಾತ್ರೆ ತಗೊಂಡ್ರೆ ಉಣ್ಣು. ಬೆಳಿಗ್ಗೆ ಎದ್ದು ಮೊದಲು ಡಾಕ್ಟರ ಹತ್ರ ಹೋಗು."

"ಮಾತ್ರೆ ಒಂದಿನಾನೂ ತಪ್ಪಿಸಬಾರದು ಅಂತ ಡಾಕ್ಟರೇ ಹೇಳ್ಯಾರಲ್ಲ ಅಣ್ಣಾ. ನಾಳೆ ಹೆಂಗೂ ಸ್ವಾಮಾರ. ಉಪಾಸ ಇದ್ದದ್ದೇ."

"ಸೋಮವಾರ ನೀನು ಒಪ್ಪತ್ತು ಮಾಡ್ತಿದ್ದಿ. ಮಧ್ಯಾಹ್ನ ಉಣ್ತಿದ್ದಿ. ಇದು ಬೇರೆ."

"ನೀ ಸುಮ್ಮಿರು. ನಿಂದು ಯಾವಾಗ್ಲೂ ಡ್ರಿಲ್ ಮಾಸ್ತರಿಕಿನೇ," ಎಂದು ನಕ್ಕು ಫೋನ್ ಇಟ್ಟಳು.

ನಾನು ಡ್ರಿಲ್ ಮಾಸ್ತರನಾಗಿಯೇ ನಿವೃತ್ತನಾದವನು. ಮಠದ ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಮಿಂದು, ಗಂಟೆಗೆ ಉಂಡು ಬೆಳೆದವನು. ಹೊತ್ತು ಹೊತ್ತಿಗೆ ಉಣ್ಣುವುದು, ನಡೆಯುವುದು, ಮಲಗುವುದು ಬಿಟ್ಟು ನನಗೆ ಬೇರೆ ಆರೋಗ್ಯಶಾಸ್ತ್ರ ಗೊತ್ತಿಲ್ಲ. ನನಗೂ ಸಕ್ಕರೆ ಕಾಯಿಲೆ ಇದೆ. ಶಿಕಾರಿಪುರದಲ್ಲಿ ನನ್ನನ್ನು ನೋಡುವ ಡಾಕ್ಟರು ಮೊದಲ ದಿನವೇ ಹೇಳಿದ್ದರು: ಮಾತ್ರೆ ಒಳಗೆ ಹೋಗಿ ಅನ್ನ ಹೋಗದಿದ್ದರೆ ಸಕ್ಕರೆ ಕುಸಿಯುತ್ತದೆ, ಬೆವರು, ನಡುಕ, ಮಾತಿನಲ್ಲಿ ತಡವರಿಕೆ ಬಂದರೆ ಮೊದಲು ಸಕ್ಕರೆ ಕೊಡಿ, ಆಮೇಲೆ ಮಾತಾಡಿ. ಮರುದಿನ ಬೆಳಿಗ್ಗೆ ಶಿಕಾರಿಪುರದಿಂದ ಮೊದಲ ಬಸ್ಸಿಗೆ ಹೊರಟೆ. ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅಂಜನಾಪುರದ ಕೆರೆ ಕೋಡಿ ಬೀಳುವುದು ಯಾವಾಗ ಎಂಬುದೇ ಮಾತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು, ಅದು ತಡವಾಗಿ ಬಂತು. ನಾನು ಬರುವಷ್ಟರಲ್ಲಿ ಮೇಲೆ ಹೇಳಿದ ಸ್ಥಿತಿ.

"ಬೆಳಿಗ್ಗೆ ಮಾತ್ರೆ ತಗೊಂಡಳಾ?" ಎಂದು ಸೊಸೆಯನ್ನು ಕೇಳಿದೆ.

"ತಗಂಡಾರೆ ಮಾವಾರೆ. ಪೂಜೆ ಆದ ಮ್ಯಾಲೆ ಪಾದೋದಕದ ಜತಿಗೇ ತಗಂತಾರೆ. ಪಾದೋದಕದ ಜತಿಗೆ ಹೋದದ್ದು ಊಟ ಅಲ್ಲ, ಉಪಾಸ ಮುರಿಯಂಗಿಲ್ಲ ಅಂತ."

ನಮ್ಮಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಪೂಜೆ ಮುಗಿದ ಮೇಲೆ ಲಿಂಗಕ್ಕೆ ಎರೆದ ನೀರನ್ನು ಪಾದೋದಕವೆಂದು ಸೇವಿಸುತ್ತೇವೆ. ಅದರೊಂದಿಗೆ ಮಾತ್ರೆ ನುಂಗುವ ಉಪಾಯ ನನ್ನ ತಂಗಿಯದೇ. ಡಾಕ್ಟರ ಮಾತೂ ಉಳಿಯಿತು, ಮೈದುನನ ಸಂಶೋಧನೆಯೂ ಉಳಿಯಿತು, ಸೋಮವಾರವೂ ಉಳಿಯಿತು. ಎಲ್ಲರಿಗೂ ವಿಧೇಯಳಾಗಿ ನಡೆದುಕೊಂಡು ಅವಳು ಗೋಡೆಗೆ ಒರಗಿ ಸತ್ತವರ ಹತ್ತಿರ ಎತ್ತಿನ ಯೋಗಕ್ಷೇಮ ವಿಚಾರಿಸುತ್ತಿದ್ದಳು.

"ಸಕ್ಕರೆ ತಾ," ಎಂದೆ.

ಸೊಸೆ ಡಬ್ಬಿಗೆ ಕೈ ಹಾಕಿದಳು. ಮೈದುನ ಅಡ್ಡ ಬಂದ. "ಏಯ್, ಶುಗರ್ ಪೇಶಂಟಿಗೆ ಸಕ್ರಿ ಕೊಡ್ತೀರಾ? ಕೊಲ್ಲಾಕ ಹೊಂಟೀರೇನು? ಈ ಹಾಗಲಕಾಯಿ ರಸ ಒಂದ್ ಗುಟುಕು ಹೋಗ್ಲಿ..."

"ಆ ಲೋಟ ಕೆಳಗಿಡು," ಎಂದೆ. ಮೈದಾನದಲ್ಲಿ ಐದು ತರಗತಿಗಳಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ಗಂಟಲು ನನ್ನದು. ಪಕ್ಕದ ಮನೆಯ ನಾಯಿ ಬೊಗಳಿತು. ಅವನು ಲೋಟ ಇಟ್ಟ.

ಸೊಸೆ ತಾಮ್ರದ ಲೋಟದಲ್ಲಿ ಸಕ್ಕರೆ ಕದಡಿ ತಂದಳು. ತಂಗಿಗೆ ನುಂಗುವಷ್ಟು ಎಚ್ಚರವಿತ್ತು, ಆದರೆ ಬಾಯಿ ಬಿಗಿಹಿಡಿದಳು. ತಲೆ ಆಚೆ ತಿರುಗಿಸಿದಳು. "ಸ್ವಾಮಾರ... ಸ್ವಾಮಾರ..." ಇಷ್ಟೇ ಮಾತು. ನಾನು ಗದರಿದೆ, ಬೇಡಿಕೊಂಡೆ. ಏನೂ ನಡೆಯಲಿಲ್ಲ. ಅವಳ ಕೈ ಹಿಡಿದೆ. ಒದ್ದೆ ಬಟ್ಟೆಯಂತೆ ತಣ್ಣಗಿತ್ತು. ಕಣ್ಣು ಎಳೆಯತೊಡಗಿತ್ತು. ಪೂರ್ತಿ ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕುವಂತಿಲ್ಲ ಎಂಬುದು ನನಗೆ ಗೊತ್ತಿತ್ತು.

ಆಗ ಸೊಸೆ ಏನು ಮಾಡಿದಳು ಎಂದರೆ, ಅತ್ತೆಯ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅವಳ ಎಡ ಅಂಗೈ ಮೇಲೆ ಇಟ್ಟಳು. ಲೋಟವನ್ನು ಅದಕ್ಕೆ ಹಿಡಿದು ತೋರಿಸಿದಳು. "ಅತ್ತೀ, ಅರ್ಪಿತ ಆತು. ಪ್ರಸಾದ. ಬ್ಯಾಡ ಅನ್ನಬಾರ್ದು," ಎಂದಳು. ನನ್ನ ತಂಗಿ ಎಳೆಯವಳಿದ್ದಾಗಿನಿಂದ ಪ್ರಸಾದಕ್ಕೆ ಬೇಡ ಎಂದವಳಲ್ಲ. ಬಾಯಿ ತೆರೆದಳು. ಅರ್ಧ ಲೋಟ ಸೆರಗಿನ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಇನ್ನೊಂದು ಲೋಟ ಕದಡಿದೆವು.

ಸ್ವಲ್ಪ ಹೊತ್ತಿಗೆ ಅವಳು ಕಣ್ಣರಳಿಸಿ ನನ್ನನ್ನು ನೋಡಿ, "ಅಣ್ಣಾ, ನೀ ಯಾವಾಗ ಬಂದಿ? ಚಾ ಕುಡದ್ಯಾ?" ಎಂದಳು. ಸೊಸೆ ಅಳಲು ಶುರು ಮಾಡಿದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮೈದುನನ ಕಾರಿನಲ್ಲೇ ಆನವಟ್ಟಿಯ ಆಸ್ಪತ್ರೆಗೆ ಕರೆದೊಯ್ದೆವು. ತಂಗಿಯ ಮಗ ಪಹಣಿ ತಿದ್ದುಪಡಿಗೆಂದು ಸೊರಬದ ಕಚೇರಿಗೆ ಹೋಗಿದ್ದ; ಅವನಿಗೆ ಫೋನಿನಲ್ಲಿ ತಿಳಿಸಿದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳು ಚುಚ್ಚಿ ನೋಡಿ, ಸಕ್ಕರೆ ಇನ್ನೂ ಕೆಳಗೇ ಇದೆ ಎಂದರು. ಇವಳು ನುಂಗಿದ ಮಾತ್ರೆ ದಿನವಿಡೀ ಕೆಲಸ ಮಾಡುವಂಥದ್ದು, ಈಗ ಏರಿದ್ದು ಮತ್ತೆ ಇಳಿಯಬಹುದು, ಸಂಜೆಯವರೆಗೆ ಕಣ್ಣೆದುರೇ ಇರಲಿ ಎಂದರು.

"ಹಂಗಾರೆ ಆ ಸಂಶೋಧನೆ ಸುಳ್ಳಾ ಮೇಡಂ?" ಮೈದುನ ಕೇಳಿದ. ಅದು ಸುಳ್ಳೆಂದಾದರೆ ತಪ್ಪು ಬರೆದವರದಾಗಿ ತಾನು ಬಚಾವಾಗುವ ಆಸೆ ಅವನ ಧ್ವನಿಯಲ್ಲಿತ್ತು.

"ಎಲ್ಲಾ ಸುಳ್ಳು ಅಂತ ನಾನು ಹೇಳಲ್ಲ. ಉಪವಾಸದಿಂದ ಕೆಲವರಿಗೆ ತೂಕ ಇಳಿದು ಸಕ್ಕರೆ ಹತೋಟಿಗೆ ಬರೋದು ಉಂಟು. ಆದ್ರೆ ಅದನ್ನ ಯಾರ ಮೇಲೆ ನೋಡಿದ್ರು, ಅವರು ಯಾವ ಮಾತ್ರೆ ತಗೊಳ್ತಿದ್ರು, ವಯಸ್ಸೆಷ್ಟು? ಅದೇ ಮುಖ್ಯ. ಬುಡಸಮೇತ ಹೋಗುತ್ತೆ ಅಂತ ಯಾವ ಡಾಕ್ಟರೂ ಬರೆಯಲ್ಲ."

"ಹಂಗಾರೆ ನಾ ಸ್ವಾಮಾರ ಬಿಡ್ಲೇನ್ರೀ?" ಎಂದಳು ತಂಗಿ, ಮಂಚದ ಮೇಲಿಂದ.

"ದೇವರ ವಿಷಯ ನಾನು ಹೇಳಲ್ಲಮ್ಮ. ಉಪವಾಸ ಮಾಡೋ ಮೊದಲು ಬಂದು ನನ್ನ ಕೇಳಿ. ಆ ದಿನಕ್ಕೆ ಮಾತ್ರೆ ಕಮ್ಮಿ ಮಾಡ್ಬೇಕೋ ಬಿಡಿಸ್ಬೇಕೋ ನಾನು ನೋಡ್ತೀನಿ. ನೀವಾಗೇ ಏನೂ ಮಾಡ್ಬೇಡಿ."

ಇಷ್ಟು ಸರಳವಾದ ಮಾತು. ಇದನ್ನು ಯಾರಾದರೂ ಹತ್ತು ಜನರಿಗೆ ಕಳಿಸುತ್ತಾರೆಯೇ? ಹೊತ್ತಿಗೆ ಉಣ್ಣಿ, ಉಪ್ಪು ಕಡಿಮೆ ಮಾಡಿ, ಊಟವಾದ ಮೇಲೆ ಗದ್ದೆಯ ಬದುವಿನವರೆಗಾದರೂ ನಡೆದು ಬನ್ನಿ, ಹೊಗೆಸೊಪ್ಪು ಬಿಡಿ, ಕೊಟ್ಟ ಮಾತ್ರೆಯನ್ನು ಹೇಳಿದ ರೀತಿ ತೆಗೆದುಕೊಳ್ಳಿ, ಬದಲಾಯಿಸುವ ಮೊದಲು ಕೇಳಿ. ಇವು ಯಾರ ಗುಂಪಿನಲ್ಲೂ ಬರುವುದಿಲ್ಲ. ಇವುಗಳನ್ನು ದಿನವೂ ಮಾಡಬೇಕಲ್ಲ! ಮಾಡದೆ ದಕ್ಕುವ ಪವಾಡ ಬೇಕು ನಮಗೆ, ಅದರ ಮೇಲೆ ಸಂಶೋಧನೆ ಎಂಬ ಮುದ್ರೆ ಬೇಕು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದವರ ಶ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ನನ್ನ ಜೀವ ನಡೆಯುತ್ತಿರುವುದು ಅವರು ಕಂಡುಹಿಡಿದ ಮಾತ್ರೆಯಿಂದ. ನನ್ನ ಕೋಪ ಆ ಶ್ರಮದ ಬಾಲ ಮಾತ್ರ ಕತ್ತರಿಸಿ ತಂದು ಮನೆಮನೆಗೆ ಹಂಚುವವರ ಮೇಲೆ.

ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಮೈದುನನನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ನಿನ್ನ ಅಂಗಡಿಗೆ ಒಬ್ಬ ಬಂದು, ಕಳೆ ಔಷಧ ಕೊಡು ಅಂತಾನೆ. ಏನ್ ಕೇಳ್ತಿ?"

"ಯಾವ ಬೆಳಿ ಅಂತ ಕೇಳ್ತೀನಿ."

"ಯಾಕೆ? ಔಷಧ ಒಳ್ಳೇದೇ ಅಲ್ವಾ?"

"ಮೆಕ್ಕೆಜೋಳಕ್ಕ ಹೊಡೆಯೋದನ್ನ ಭತ್ತಕ್ಕ ಹೊಡದ್ರೆ ಗದ್ದಿ ಸುಟ್ಟು ಹೊಕ್ಕತಿ."

"ಗೊತ್ತಲ್ಲ. ನಿನ್ನ ಅತ್ತಿಗೆ ಮೆಕ್ಕೆಜೋಳನಾ, ಭತ್ತನಾ, ಅದನ್ನ ಕೇಳಿದ್ಯಾ?"

ಅವನು ಮೊಬೈಲಿನ ಕವರನ್ನು ತೆಗೆದ, ಹಾಕಿದ. "ಕಳಿಸಿದವ್ರು ದೊಡ್ಡ ಮನುಷ್ಯರು ಭಾವಾರೆ. ನಾ ಬರೇ ಮುಂದಕ್ಕ ಹಾಕ್ದೆ."

"ಅಂಗಡೀಲೂ ನೀನು ಬರೇ ಮುಂದಕ್ಕೆ ಹಾಕೋದೇ. ಡಬ್ಬಿ ನೀನು ಮಾಡಿದ್ದಲ್ಲ. ಆದ್ರೂ ಕೇಳ್ತಿಯಲ್ಲ?"

ಅವನು ಮೊಬೈಲನ್ನು ಜೇಬಿಗಿಟ್ಟು ಎದ್ದ. ಕ್ಯಾಂಟೀನಿನಿಂದ ಅತ್ತಿಗೆಗೆ ಇಡ್ಲಿ ತಂದ. ತಿನ್ನುವವರೆಗೆ ಎದುರಿಗೆ ನಿಂತಿದ್ದ. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿ ಸಿಗುತ್ತಿತ್ತು.

ಸಂಜೆಯ ಹೊತ್ತಿಗೆ ಡಾಕ್ಟರು ಮತ್ತೊಮ್ಮೆ ಬೆರಳು ಚುಚ್ಚಿ ನೋಡಿ, ಮಾತ್ರೆಯ ಪ್ರಮಾಣ ತಗ್ಗಿಸಿ ಬರೆದು ಮನೆಗೆ ಕಳಿಸಿದರು. ಕುಬಟೂರಿಗೆ ಮರಳಿದ ಮೇಲೆ ನಾನು ಮೈದುನನಿಗೆ, "ಈಗ ಗುಂಪಿನಲ್ಲಿ ಹೇಳು," ಎಂದೆ.

"ಏನಂತ?"

"ಆದದ್ದನ್ನ."

"ಮರ್ಯಾದಿ ಹೋಗ್ತತಿ ಭಾವಾರೆ. ಆ ಮೆಸೇಜ್ ಅಳಿಸಿಬಿಡ್ತೀನಿ, ಸಾಕಲ್ಲ?"

"ಓದಿದವರ ತಲೆಯಿಂದ ಅಳಿಸ್ತಿಯಾ? ನಿನ್ನ ಮಾತು ನಂಬಿ ಇನ್ನೂ ಯಾರು ಹೊಟ್ಟೆ ಕಟ್ಟಿಕೊಂಡು ಕೂತಿದ್ದಾರೋ."

ಅವನು ತಂಗಿಯ ಮುಖ ನೋಡಿದ. ಅವಳು, "ಹೇಳಪ್ಪಾ. ನಾ ಸತ್ತು ಹೊಕ್ಕಿದ್ದೆ ಇವತ್ತು," ಎಂದಳು. ಅದೊಂದೇ ಮಾತು. ಅವನು ಅಂಗಳಕ್ಕೆ ಇಳಿದು ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿದ. ನಾನು ಪಕ್ಕದಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡೆ. ತಾನು ಹಾಕಿದ್ದು ತಪ್ಪು ಎಂದ. ಅತ್ತಿಗೆಗೆ ಏನಾಯಿತೆಂದು ಹೇಳಿದ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೊಟ್ಟೆ ಖಾಲಿ ಬಿಡಬೇಡಿ ಎಂದ. ಒಮ್ಮೆ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ.

ಗುಂಪಿನಲ್ಲಿ ಯಥಾಪ್ರಕಾರ ಕೈಮುಗಿದ ಚಿತ್ರಗಳು ಬಂದವು. ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ನನ್ನ ಫೋನ್ ಬಡಿಯಿತು. ತಾಳಗುಂದದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು, ನನಗಿಂತ ಹಿರಿಯಳು. ಸ್ವರ ಬಹಳ ಸಣ್ಣಗಿತ್ತು.

"ತಮ್ಮಾ, ನಾನೂ ಅದನ್ನೇ ಮಾಡಾಕತ್ತಿದ್ದೆ. ನಂದೂ ಅದೇ ಮಾತ್ರಿ. ಯಾಕೋ ಮಧ್ಯಾಹ್ನದಿಂದ ಕೈಕಾಲು ನಡುಗ್ತಾವು. ಈಗ ಉಣ್ಲಾ?"

"ಮೊದಲು ಬೆಲ್ಲ ಬಾಯಿಗೆ ಹಾಕಿ. ಮನೇಲಿ ಯಾರಿದ್ದಾರೆ?"

"ಮಗ ಅದಾನ."

"ಅವನಿಗೂ ಕೇಳೋ ಹಾಗೆ ಫೋನ್ ಇಡಿ."

ಮಗನಿಗೆ ಹೇಳಬೇಕಾದದ್ದನ್ನು ಹೇಳಿದೆ: ಬೆಲ್ಲ ಕೊಡು, ಆಮೇಲೆ ಅನ್ನ ಹಾಕು, ಅದಾದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ಈಗ ಹುಷಾರಾದಳು ಎಂದು ಬಿಡಬೇಡ. ಅವನು ಹ್ಞೂಂ ಎಂದ. ಡಬ್ಬಿಯ ಮುಚ್ಚಳ ಬಿದ್ದ ಸದ್ದು, ತಟ್ಟೆಯ ಸದ್ದು, "ಇನ್ನೊಂಚೂರು ಮಜ್ಜಿಗಿ ಹಾಕು" ಎಂಬ ಮಾತು ಕೇಳಿಸಿದವು. ಬಸ್ಸಿಗೆ ಹೊತ್ತಾಗುತ್ತಿತ್ತು, ಆದರೂ ಕಿವಿಯಿಂದ ಫೋನ್ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗನೇ ಮಾತಾಡಿದ.

"ಉಂಡಾಳ್ರಿ ಮಾವಾರೆ. ನಡುಕ ಕಮ್ಮಿ ಆಗೇತಿ. ಗಾಡಿ ತಗದೀನಿ, ಶಿರಾಳಕೊಪ್ಪದ ದವಾಖಾನಿಗೆ ಹೊಂಟ್ವಿ."

ಗಾಡಿ ಹೊರಟ ಸದ್ದು ಕೇಳಿದ ಮೇಲೆ ನಾನು ಫೋನ್ ಇಟ್ಟೆ.