ಎರಡು ಸಲ ಹೆಚ್ಚು ತೊಳೆದ ಕರುಳು

ಸಂಶೋಧನೆಗೆಂದು ಹ್ಯಾನೋವರಿಗೆ ಬಂದ ಮೂರನೇ ದಿನ ನನ್ನ ಕೈಗೆ ಕೊಟ್ಟದ್ದು ಹಂದಿಯ ಕರುಳು. ಮೊಳದುದ್ದದ್ದು, ತಣ್ಣಗೆ ಸ್ಟೀಲ್ ತಟ್ಟೆಯಲ್ಲಿ ಮಲಗಿತ್ತು. ನಮ್ಮ ಪ್ರಯೋಗಾಲಯದ ಹಿರಿಯಳು ಹೈಕೆ, ಇದನ್ನು ತೊಳೆ ಎಂದಳು. ಯವ್ವಾ! ಜರ್ಮನಿಯತನಕ ಬಂದದ್ದು ಇದಕ್ಕೇನು?

ಗಾಬರಿಗೆ ಕಾರಣವಿತ್ತು. ರಾಯಬಾಗ ತಾಲೂಕಿನ ನಮ್ಮೂರಲ್ಲಿ ಅಜ್ಜ ಚಪ್ಪಲಿಗೆ ತೊಗಲನ್ನು ಸುಣ್ಣದಲ್ಲಿ ನೆನೆಸಿ ಹದ ಮಾಡುತ್ತಿದ್ದ. ಅಪ್ಪ ಆ ಕೆಲಸ ಬಿಟ್ಟು, ಬೌದ್ಧನಾಗಿ, ಶಾಲೆಯ ಗುಮಾಸ್ತನಾದ. "ನನ್ನ ಮಗಳು ತೊಗಲ ಮುಟ್ಟಂಗಿಲ್ಲ" ಎಂದು ನನ್ನನ್ನು ಅಥಣಿಯ ಕಾಲೇಜಿಗೆ ಹಾಕಿದ. ಮಗಳು ಬಿಳಿ ಕೋಟು ತೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾಳೆಂದೇ ಅವನ ನಂಬಿಕೆ. ನಾನೂ ಅಷ್ಟೇ ಹೇಳಿದ್ದೆ.

ಕೆಲಸ ಹೀಗಿದೆ. ಸಕ್ಕರೆ ಕಾಯಿಲೆಯವರಿಗೆ ಇನ್ನೊಬ್ಬರ ಇನ್ಸುಲಿನ್ ಕೋಶಗಳನ್ನು ಕಸಿ ಮಾಡಿದರೆ ಮೈಯ ಕಾವಲು ಪಡೆ ಅವುಗಳ ಮೇಲೆ ಬೀಳುತ್ತದೆ. ತಡೆಯುವ ಗುಳಿಗೆ ನುಂಗಿದರೆ ಇಡೀ ಮೈಯ ಕಾವಲೇ ತೂಕಡಿಸುತ್ತದೆ. ಹಂದಿಯ ಕರುಳಿನಿಂದ ಅದರ ಕೋಶಗಳನ್ನೆಲ್ಲ ತೊಳೆದು ತೆಗೆದರೆ ತೆಳ್ಳನೆಯ ಜಾಳಿಗೆ ಉಳಿಯುತ್ತದೆ. ಅದರಲ್ಲಿ ಇನ್ಸುಲಿನ್ ಕೋಶಗಳನ್ನು ಸುತ್ತಿಟ್ಟರೆ ಕಸಿ ಮಾಡಿದ ಜಾಗದಲ್ಲಷ್ಟೇ ಕಾವಲು ಸುಮ್ಮನಾಗಬೇಕು. ಸದ್ಯ ಇಲಿಗಳ ಮೇಲೆ ನೋಡುತ್ತಿದ್ದೇವೆ. ಇದನ್ನು ಪರದೇಶದಲ್ಲಿರುವ ನನಗೆ ಹೋಲಿಸಬೇಡಿ, ಹೈಕೆ ಆಗಲೇ ಹೋಲಿಸಿ ನಕ್ಕಾಗಿದೆ.

ಊರು ಒಗ್ಗಲು ತಡವಾಯಿತು. ಪಕ್ಕದ ಮನೆಯವರು "ಹಾಲೋ" ಅಂದವರೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ರವಿವಾರ ಒಬ್ಬಳೇ ಕೂತು ಅತ್ತದ್ದೂ ಉಂಟು. ಜೋಳದ ಹಿಟ್ಟು ಸಿಕ್ಕ ದಿನ ರೊಟ್ಟಿ ಬಡಿದೆ. ಸದ್ದಿಗೆ ಸಿಟ್ಟಾಗಿ ಮೇಲೆ ಬಂದ ಕೆಳಗಿನ ಮನೆಯ ಅಜ್ಜಿ ಎರಡು ರೊಟ್ಟಿ ತಿಂದು ಹೋದಳು. ಮಧ್ಯಾಹ್ನ ಎದುರಾದವರೆಲ್ಲ "ಮಾಲ್‌ಟ್ಸೈಟ್" ಎನ್ನುತ್ತಾರೆ. ಊಟದ ಹೊತ್ತು ಎಂದರ್ಥ. ನಮ್ಮ "ಊಟ ಆತೇನ್ರಿ" ಇದ್ದಂತೆ, ಆದರೆ ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ.

ಒಮ್ಮೆ ನಾನು ತೊಳೆದ ಜಾಳಿಗೆಗಳೆಲ್ಲ ಕೆಟ್ಟವು. ಇಲಿಗಳ ಮೈ ಅವನ್ನು ಒಪ್ಪಲಿಲ್ಲ. ಹೈಕೆ ವಿಚಾರಿಸಿದಾಗ ನಿಜ ಹೇಳಿದೆ: ಬರೆದಿಟ್ಟದ್ದಕ್ಕಿಂತ ಎರಡು ಸಲ ಹೆಚ್ಚು ತೊಳೆದಿದ್ದೆ. ಜಾಳಿಗೆಯಲ್ಲಿದ್ದ, ಕಾವಲನ್ನು ಸುಮ್ಮನಾಗಿಸುವ ಅಂಶವೇ ನೀರಿನೊಡನೆ ಹೋಗಿತ್ತು. ಅದು ಮನೆಯಿಂದ ಬಂದ ರೂಢಿ. ನಮ್ಮ ಮನೆಯಲ್ಲಿ ಅವ್ವ ಎಲ್ಲವನ್ನೂ ಎರಡೆರಡು ಸಲ ತೊಳೆಯುತ್ತಿದ್ದಳು. "ವಾಸನಿ ಬಂತಂದ್ರ ಮಂದಿ ಮೂಗ ಮುಚ್ಕೋತಾರ, ತಿಕ್ಕ" ಎನ್ನುತ್ತಿದ್ದಳು. ಕಾಲೇಜಿನ ಬೆಂಚಿನಲ್ಲಿ ಒಬ್ಬಳು ನನ್ನಿಂದ ಸರಿದು ಕೂತದ್ದು ನನಗಿನ್ನೂ ನೆನಪಿದೆ.

ಅದೇ ವಾರ ಅಪ್ಪನ ಫೋನು ಬಂತು. "ಬುದ್ಧವಿಹಾರದಾಗ ಹುಡುಗೂರ ಮುಂದ ನಿನ್ನ ಕೆಲಸದ ಬಗ್ಗೆ ಮಾತಾಡ್ರಿ ಅಂದಾರ. ಸರಿಯಾಗಿ ಹೇಳ ಬೇ, ಏನ್ ಮಾಡ್ತಿ ಅಲ್ಲಿ?"

ಇನ್ನು ಸುಳ್ಳು ಹೇಳಲಾಗಲಿಲ್ಲ. ಅವನು ತಲೆಯೆತ್ತಿ ಹೇಳಿಕೊಳ್ಳುವ ಒಂದೇ ಮಾತನ್ನು ಕಸಿದುಕೊಳ್ಳುತ್ತಿದ್ದೇನೆಂದು ಗೊತ್ತಿತ್ತು. "ಹಂದಿ ಕರುಳ ತೊಳಿತೀನಪ್ಪಾ" ಎಂದೆ.

ಅಪ್ಪ ಕೇಳಿದ, "ಸುಣ್ಣಾ ಹಾಕ್ತೀರೇನ?"

"ಇಲ್ಲಪ್ಪಾ, ಸಾಬೂನಿನಂಥಾ ಔಷಧ ಐತಿ. ಎರಡ ಸಲ ಜಾಸ್ತಿ ತೊಳದು ಕೆಡಿಸೀನಿ."

"ನಿಮ್ಮವ್ವನ ಮಗಳು!" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಊಟಕ್ಕ ನಿನ್ನ ಬ್ಯಾರೆ ಕೂಡಸ್ತಾರೇನ?"

"ಇಲ್ಲಪ್ಪಾ. ದೊಡ್ಡ ಪ್ರೊಫೆಸರೂ ನಾನೂ ಒಂದ ಟೇಬಲ್."

"ಹಂಗಾರ ಕರುಳಿಂದೂ ಹೇಳ್ತೀನಿ, ಟೇಬಲ್ಲಿಂದೂ ಹೇಳ್ತೀನಿ. ನೀ ಎಷ್ಟ ಬೇಕೋ ಅಷ್ಟ ತೊಳಿ, ಜಾಸ್ತಿ ಬ್ಯಾಡ."

ಮರುದಿನ "ಮಾಲ್‌ಟ್ಸೈಟ್" ಅನ್ನುತ್ತ ಹೈಕೆ ತನ್ನ ಪಕ್ಕದ ಕುರ್ಚಿ ಎಳೆದುಕೊಟ್ಟಳು. ಕೂತೆ. ಕೆಲಸಕ್ಕೆ ಕೈಗವಸು ಹಾಕಿದ್ದರೂ, ತುತ್ತು ಎತ್ತುವ ಮೊದಲು ಮೇಜಿನ ಮರೆಯಲ್ಲಿ ಕೈ ಮೂಸಿ ನೋಡಿಕೊಂಡೆ. ಇಲ್ಲಿ ಯಾರೂ ನನ್ನ ಕೈ ಮೂಸುವುದಿಲ್ಲ. ಮೂಸುವವಳು ನಾನೊಬ್ಬಳೇ.